ಆರು ಜನರ ಕೋಟು

“ಓಡಿಹೋಗಿರ್ತಾನೆ ಬಿಡಮ್ಮ. ಯಾವಳನ್ನೋ ಕಟ್ಕೊಂಡು ಮಜಾ ಮಾಡ್ತಿರ್ತಾನೆ. ನಿಮ್ಮೋರಿಗೆ ಇದೇನ್ ಹೊಸದಾ?”

ಠಾಣೆಯ ಕಿಂಡಿಯಾಚೆಯ ಪೊಲೀಸಿನವನು ಹೀಗಂದು ಕೈಲಿದ್ದ ಸೇಬನ್ನು ಕಚ್ಚಿದ. ತಸ್ಸದಿತ್‌ಗೆ ಮಾತು ಪೂರ್ತಿ ಅರ್ಥವಾಯಿತು. ಪ್ಯಾರಿಸ್ಸಿನ ಅಂಚಿನ ನಾಂತೇರ್ ಕೊಳೆಗೇರಿಯಲ್ಲಿ ಏಳು ವರ್ಷ ಬೈಸಿಕೊಂಡೇ ಕಲಿತ ಫ್ರೆಂಚು ಅವಳದು. ಬೈಗುಳವಾದರೆ ಒಂದಕ್ಷರವೂ ತಪ್ಪುತ್ತಿರಲಿಲ್ಲ.

“ಓಡೋಗೋ ಗಂಡ್ಸಲ್ಲ ಸ್ವಾಮಿ ಅವ್ನು. ಅರೆಸ್ಕಿ ಅಂತ. ಕಾರ್ ಕಾರ್ಖಾನೇಲಿ ಬಣ್ಣ ಹೊಡೀತಾನೆ. ಮಂಗಳವಾರ ಮೆರವಣಿಗೆಗೆ ಹೋದೋನು ಬಂದಿಲ್ಲ. ಇವತ್ತು ಸೋಮವಾರ.”

“ಮೆರವಣಿಗೆಗೆ ಯಾರ್ ಕರೆದಿದ್ರು? ರಾತ್ರಿ ಎಂಟೂವರೆ ಮೇಲೆ ಅಲ್ಜೀರಿಯಾದೋರು ಬೀದೀಲಿ ಕಾಣಬಾರದು ಅಂತ ಸರ್ಕಾರ ಹೇಳಿತ್ತಾ, ಇಲ್ವಾ?” ಬೆರಳು ಪಟ್ಟಿಯ ಮೇಲೆ ಜಾರಿತು. “ಅರೆಸ್ಕಿ ಇಲ್ಲ. ತಾಳು, ನಿನ್ನ ಬೀದಿಯೋನೇ ಒಬ್ಬ ಇದಾನೆ. ಬೆಲಾಯ್ದ್. ಸೆನ್ ನದೀಲಿ ತೇಲ್ತಿದ್ದ. ಈಜೋಕೆ ಬರ್ದಿದ್ರೂ ನೀರಿಗಿಳೀತವೆ ನೋಡು ಈ ಇಲಿಗಳು! ಕಂದು ಕೋಟು, ಒಳಜೇಬಲ್ಲಿ ಗುರುತಿನ ಚೀಟಿ. ನಾಳೆ ಸಂಜೆಯೊಳಗೆ ಅವನ ಕಡೆಯೋರು ಬಂದು ಸಹಿ ಹಾಕಬೇಕಂತೆ ಅನ್ನು.”

ತಸ್ಸದಿತ್ ಕಿಂಡಿಯ ಕಟ್ಟೆ ಹಿಡಿದುಕೊಂಡಳು. ಬೆಲಾಯ್ದ್‌ಗೆ ಬೆಳಿಗ್ಗೆಯಷ್ಟೇ ಅವಳು ತನ್ನ ಕೈಯಾರೆ ಕಾಫಿ ಕೊಟ್ಟು ಬಂದಿದ್ದಳು.

ಆ ಕೋಟಿನ ಕಥೆ ಕೊಳೆಗೇರಿಗೆಲ್ಲ ಗೊತ್ತು. ಒಂದೇ ಬೆಟ್ಟದ ಸೀಮೆಯಿಂದ ಬಂದ ಆರು ಜನ ಸೇರಿ ಕೊಂಡದ್ದು. ಮದುವೆಗೆ, ಹಬ್ಬಕ್ಕೆ, ಊರಿಗೆ ಕಳಿಸುವ ಪಟಕ್ಕೆ ಸರದಿಯ ಮೇಲೆ ತೊಡುತ್ತಿದ್ದರು. ಆರು ಮನೆಯ ಗೋಡೆಯ ಮೇಲೂ ಅದೇ ಕೋಟು, ಬೇರೆ ಬೇರೆ ತಲೆ. ಆ ರಾತ್ರಿ ನಿರ್ಬಂಧದ ವಿರುದ್ಧದ ಮೆರವಣಿಗೆಗೆ ಇರೋದರಲ್ಲಿ ಒಳ್ಳೇ ಬಟ್ಟೆ ಹಾಕ್ಕೊಂಡು ಬನ್ನಿ, ಜೇಬಲ್ಲಿ ಒಂದು ಗುಂಡುಸೂಜಿಯೂ ಇರಕೂಡದು ಎಂದು ಮುಂದಾಳುಗಳು ಹೇಳಿಕಳಿಸಿದ್ದರು. ಸರದಿ ಬೆಲಾಯ್ದ್‌ನದು. ಆದರೆ ಅವನ ಕಾಲಿಗೆ ಹಿಂದಿನ ವಾರವೇ ಕಬ್ಬಿಣ ಬಿದ್ದು ಪಟ್ಟಿ ಕಟ್ಟಿತ್ತು. “ನನ್ ಪಾಲಿಂದೂ ನೀನೇ ನಡ್ಕೊಂಡು ಬಾ” ಎಂದು ಅರೆಸ್ಕಿಗೆ ಕೊಟ್ಟಿದ್ದ. ಜೇಬು ತಡವಿ ನೋಡಿದವಳು ತಸ್ಸದಿತ್. ಹೊರಜೇಬಿಂದ ಒಂದು ಚಿಕ್ಕ ಚಾಕು ತೆಗೆದಿಟ್ಟಳು. ಒಳಜೇಬಲ್ಲಿ ಗಟ್ಟಿ ಕಾಗದ ಸಿಕ್ಕಿತ್ತು. ಗಂಡನದೇ ಚೀಟಿ ಅಂದುಕೊಂಡು, ಗುಂಡಿ ಹಾಕಿ, ಮೇಲಿಂದ ಎರಡು ಸಲ ತಟ್ಟಿದ್ದಳು.

ಗಂಡನ ಚೀಟಿ ಮನೆಯಲ್ಲಿ, ಹಿಟ್ಟಿನ ಡಬ್ಬದ ಕೆಳಗಿತ್ತು.

ಸುದ್ದಿ ಕೇಳಿ ಬೆಲಾಯ್ದ್ ಮಂಚದ ಮೇಲೆ ಎದ್ದು ಕೂತ. ಮೊದಲು ಅವನಿಗೆ ನಗು ಬಂತು. ಆಮೇಲೆ ಆ ನಗುವನ್ನು ಎಲ್ಲಿಡಬೇಕೋ ತಿಳಿಯದೆ ಬಾಯಿಗೆ ಕೈ ಅಡ್ಡ ಹಿಡಿದ.

“ಸುಮ್ಕಿರ್ಲಾ ಮಗ,” ಅಂದಳು ಪಕ್ಕದ ಗುಡಿಸಲಿನ ಮುದುಕಿ ವಾರ್ದಿಯಾ. “ಸತ್ತೋನಾಗೇ ಇರು. ಸತ್ತೋನ್ನ ಯಾವ ಪೊಲೀಸಪ್ಪನೂ ಹೊಡೆಯಾಕಿಲ್ಲ. ಮೊಕ ತೋರ್ಸುದ್ರೆ ಆ ಸೂಳೆಮಕ್ಳು ನಿನ್ನೂ ಅದೇ ಹೊಳೆಗೆ ಎಸೀತಾರೆ.”

ಬಂದು ನಿಜ ಹೇಳು ಎಂದು ಅವನನ್ನು ಕೇಳುವ ಬಾಯಿ ತಸ್ಸದಿತ್‌ಗೆ ಬರಲಿಲ್ಲ. ಒಲೆಯ ಮುಂದೆ ಕೂತು, ಹತ್ತಿಕೊಂಡೇ ಇದ್ದ ಬೆಂಕಿಯನ್ನು ಮತ್ತೆ ಮತ್ತೆ ಊದುತ್ತಿದ್ದಳು.

“ಊರಿಗೆ ಕಾಗ್ದ ಹೋಗ್ತದಲ್ಲವ್ವ,” ಎಂದ ಬೆಲಾಯ್ದ್. “ನಮ್ಮವ್ವ ಬದುಕಿರೋ ಮಗನಿಗೆ ಎದೆ ಬಡ್ಕೋತಾಳೆ. ಅರೆಸ್ಕಿಯವ್ವ ಸತ್ತ ಮಗನಿಗೆ ದಾರಿ ಕಾಯ್ತಾಳೆ. ಇಬ್ರೂ ಒಂದೇ ಬಾವೀಲಿ ನೀರ್ ಸೇದೋರು. ನನ್ ಊರುಗೋಲು ಎಲ್ಲೈತೆ?”

ಮಾರನೆಯ ದಿನ ಮಧ್ಯಾಹ್ನ ಕಿಂಡಿಯ ಮುಂದೆ ಮೂವತ್ತು ಹೆಂಗಸರ ಸಾಲಿತ್ತು. ತಸ್ಸದಿತ್, ಬೆಲಾಯ್ದ್ ಇಬ್ಬರ ಸರದಿ ಬರುವ ಹೊತ್ತಿಗೆ ಅವನ ಕಾಲು ಬಾತುಕೊಂಡಿತ್ತು.

“ಸ್ವಾಮಿ, ನಾನು ಬೆಲಾಯ್ದ್. ನಿಮ್ ಹೊಳೇಲಿ ಸತ್ತೋನು.”

“ಸತ್ತೋನು ಮಾತಾಡ್ತಿದೀಯಾ?”

“ಏನ್ಮಾಡ್ಲಿ, ನೀವ್ ಹೊಡ್ದಿದ್ದು ನನಗೆ ಬೀಳ್ನಿಲ್ಲ. ಬಿದ್ದಿದ್ದು ಈಯಮ್ಮನ ಗಂಡನಿಗೆ. ಕೋಟಲ್ಲಿದ್ದ ಚೀಟಿ ನಂದು, ಹೆಣ ಅರೆಸ್ಕೀದು. ತಿದ್ಕೊಳಿ.”

ಸಾಲಿನಲ್ಲಿ ಯಾರೋ ಬಿಕ್ಕಿದರು. ಒಳಗಿಂದ ಇಬ್ಬರು ಬಂದರು. ಒಬ್ಬ ಊರುಗೋಲನ್ನು ಒದ್ದ, ಇನ್ನೊಬ್ಬ ಕೊರಳಪಟ್ಟಿ ಹಿಡಿದು ಎಳೆದ. ಒಳದಾರಿಯುದ್ದಕ್ಕೂ ಬೆಲಾಯ್ದ್‌ನ ದನಿ ಕೇಳುತ್ತಿತ್ತು: “ಅರೆಸ್ಕಿ ಅಂತ ಬರೀರೋ ಬೋಳಿಮಕ್ಳಾ! ಅರೆಸ್ಕಿ ಅಂತ...” ಒಂದು ಬಾಗಿಲು ಮುಚ್ಚಿತು. ದನಿ ನಿಂತಿತು.

ತಸ್ಸದಿತ್ ಗಂಡನ ಚೀಟಿಯನ್ನು ಕಿಂಡಿಯೊಳಗೆ ತಳ್ಳಿದಳು. ಪೊಲೀಸಿನವನು ಅದನ್ನು ಮುಟ್ಟಲಿಲ್ಲ. ಪಟ್ಟಿ ತೆಗೆದು, ಅಡಿಪಟ್ಟಿ ಇಟ್ಟು, ಬೆಲಾಯ್ದ್‌ನ ಹೆಸರಿನ ಮೇಲೆ ನೆಟ್ಟಗೆ ಗೆರೆ ಎಳೆದ.

“ಆಯ್ತು. ಬೆಲಾಯ್ದ್ ಸತ್ತಿಲ್ಲ.”

“ನನ್ ಗಂಡನ ಹೆಣ?”

“ಯಾವ ಹೆಣ? ಆ ಹೆಣ ಬೆಲಾಯ್ದ್‌ದು. ಅವನೇ ಬದುಕಿದಾನೆ ಅಂದ್ಮೇಲೆ ಹೆಣ ಎಲ್ಲಿಂದ ಬರುತ್ತೆ? ಅರೆಸ್ಕಿ ಪಟ್ಟೀಲಿ ನಿನ್ನೆನೂ ಇರ್ಲಿಲ್ಲ, ಇವತ್ತೂ ಇಲ್ಲ.”

“ಕೈ ಮುಗೀತೀನಿ. ಮೊಕ ಒಂದ್ಸಲ ತೋರ್ಸಿ. ಎಡಗಡೆ ಹುಬ್ಬಿನ ಮೇಲೆ ಗಾಯದ ಕಲೆ ಐತೆ, ನಾ ಗುರ್ತು ಹಿಡೀತೀನಿ.”

“ಇಲ್ಲದ್ದನ್ನ ಹೇಗಮ್ಮ ತೋರ್ಸೋದು? ನಡಿ, ಬಾಗಿಲು ಹಾಕೋ ಹೊತ್ತಾಯ್ತು.”

ತಸ್ಸದಿತ್ ಮುಗಿದಿದ್ದ ಕೈ ಬಿಟ್ಟಳು. ಕಿಂಡಿಯ ಕೆಳಗೇ, ತಣ್ಣನೆಯ ಕಲ್ಲುನೆಲದ ಮೇಲೆ, ಕಾಲು ಮಡಚಿ ಕೂತಳು. ಊರಲ್ಲಿ ಸಾವಿನ ಮನೆಯಲ್ಲಿ ಕೂರುವ ಹಾಗೆ.

“ಏಯ್, ಏಳು! ಎಳೆಸಿ ಹಾಕಿಸ್ಬೇಕಾ?”

“ಎಳಿಸು. ನಾಳೆ ಬತ್ತೀನಿ, ಇಲ್ಲೇ ಕೂರ್ತೀನಿ. ಹೆಸರು ಬರಿ, ಏಳ್ತೀನಿ.”

ಸಾಲಿನ ಮುಂದಿದ್ದವಳು ಕೂತಳು. ಅವಳ ಹಿಂದಿನವಳು ಬಗಲಲ್ಲಿದ್ದ ಕೂಸನ್ನು ಇಳಿಸಿಕೊಂಡು ಕೂತಳು. ಸಾಲಿಗೆ ಸಾಲೇ ಕೂತಿತು.

“ನನ್ನ ಗಂಡಂದೂ ಬರಿ,” ಅಂತ ಹಿಂದಿನಿಂದ ಒಂದು ದನಿ ಬಂತು.

ಕಿಂಡಿಯ ತಗಡು ದಡ್ಡನೆ ಕೆಳಗಿಳಿಯಿತು. ಸ್ವಲ್ಪ ಹೊತ್ತಿಗೆ ಠಾಣೆಯ ಕಸಗುಡಿಸುವ ಮುದುಕಿ ಬಕೀಟು ಹಿಡಿದು ಬಂದಳು. ಹೆಂಗಸರನ್ನು ಒಮ್ಮೆ ನೋಡಿದಳು, ಮುಚ್ಚಿದ ಕಿಂಡಿಯನ್ನು ಒಮ್ಮೆ. ಆಮೇಲೆ ಯಾರ ಲಂಗದ ಅಂಚೂ ನೆನೆಯದ ಹಾಗೆ, ಒಬ್ಬೊಬ್ಬರ ಸುತ್ತಲೂ ಒಣನೆಲ ಬಿಟ್ಟು, ನಿಧಾನವಾಗಿ ನೆಲ ಒರೆಸತೊಡಗಿದಳು.