ಆರು ಜೋಡಿ, ಒಂದು ಒಂಟಿ

ನಮ್ಮ ಗುಂಪಿನಲ್ಲಿ ಅರವತ್ತು ದಾಟದವರು ಯಾರೂ ಇಲ್ಲ. ತಿಂಗಳಿಗೊಂದು ಭಾನುವಾರ ಊರಾಚೆಯ ಗುಡ್ಡ ಹತ್ತುತ್ತೇವೆ. ಮುಂದಾಳು ಕಂಡಕ್ಟರು. ಬಸ್ಸು ಬಿಟ್ಟು ಒಂಬತ್ತು ವರ್ಷವಾಯಿತು, ಸೀಟಿ ಮಾತ್ರ ಬಿಟ್ಟಿಲ್ಲ. ಒಮ್ಮೆ ಲೈಬ್ರರಿಯವರು ಚಿಟ್ಟೆ ನೋಡುತ್ತ ಹಿಂದುಳಿದು, ಅರ್ಧ ದಿನ ಎಲ್ಲರನ್ನೂ ಕಾಡಿನಲ್ಲಿ ಸುತ್ತಿಸಿದರು. ಅವತ್ತೇ ಕಂಡಕ್ಟರು ಕಾನೂನು ಮಾಡಿದ್ದು. ಎಲ್ಲರಿಗೂ ಒಬ್ಬೊಬ್ಬ ಜೋಡಿ. ನಿಂತಲ್ಲೆಲ್ಲ ಅವರು ಸೀಟಿ ಊದುತ್ತಾರೆ. ಜೋಡಿಯಲ್ಲೊಬ್ಬರು ಇನ್ನೊಬ್ಬರ ಭುಜದ ಮೇಲೆ ಕೈಯಿಟ್ಟು "ಜೋಡಿ" ಅನ್ನಬೇಕು. ಅವರನ್ನು ಬಿಟ್ಟು ನಾವು ಹನ್ನೆರಡು ಜನ. ಆರು ಸಲ ಕೇಳಿಸಿದರೆ "ಆರು ಜೋಡಿ, ರೈಟ್" ಅನ್ನುತ್ತಾರೆ, ಇಲ್ಲದಿದ್ದರೆ "ಹೋಲ್ಡಾನ್". ತಪ್ಪಿಸಿಕೊಂಡವರು ದಾರಿ ಹುಡುಕುತ್ತ ಅಲೆಯಬಾರದು. ಇದ್ದಲ್ಲೇ ಕೂರಬೇಕು, ಜೋಡಿಯೇ ಬಂದು ಕರೆದುಕೊಂಡು ಹೋಗಬೇಕು.

ಆರು ವರ್ಷದಿಂದ ನನ್ನ ಜೋಡಿ ನರ್ಸಮ್ಮ. ನಾನು ಹೊಲಿಗೆಯವಳು, ಅವಳು ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದವಳು. ನನ್ನ ಯಜಮಾನರು ಹೋದಾಗ ದಿನಾ ಸಂಜೆ ಬಂದು, ನಾನು ಅರ್ಧಕ್ಕೆ ಬಿಟ್ಟಿದ್ದ ಬಟ್ಟೆಗಳಿಗೆಲ್ಲ ಕಾಜಾ ಗುಂಡಿ ಹಾಕಿ ಮುಗಿಸಿದವಳು. ಒಂದು ಗುಂಡಿಯೂ ನೆಟ್ಟಗೆ ಕೂತಿರಲಿಲ್ಲ, ಆ ಮಾತು ಬೇರೆ. ಗುಡ್ಡದ ಮೇಲೆ ಕೂತು ಅವಳು ಕಿತ್ತಳೆ ಸುಲಿದರೆ ಅರ್ಧ ನನಗೆ. ಇದನ್ನು ಯಾರೂ ಬರೆದಿಟ್ಟಿರಲಿಲ್ಲ, ಆದರೆ ನನಗೆ ಅದೇ ದೊಡ್ಡ ಕಾನೂನು.

ಈ ಸಲ ನರ್ಸಮ್ಮನ ಜೊತೆ ಹದಿಮೂರನೆಯವಳೊಬ್ಬಳು ಬಂದಳು. ಬಟ್ಟೆ ಮಿಲ್ಲಿನಲ್ಲಿ ಮಗ್ಗದ ಮುಂದೆ ನಲವತ್ತು ವರ್ಷ ನಿಂತವಳಂತೆ. ಎತ್ತರದ ಆಳು, ನೆಟ್ಟಗಿನ ಬೆನ್ನು, ಈ ವಯಸ್ಸಿನಲ್ಲೂ ಸೊಂಟ ಇಪ್ಪತ್ತೆಂಟರ ಮೇಲಿಲ್ಲ. ನನ್ನ ಕಣ್ಣಳತೆ ತಪ್ಪುವುದಿಲ್ಲ. ಬಸ್‌ಸ್ಟಾಪಿನಲ್ಲಿ ಹಿಂದಿನಿಂದ "ಯಾವ ಮಿಲ್ಲಮ್ಮ ನಿಮ್ದು?" ಅಂತ ಎರಡು ಸಲ ಕೇಳಿದೆ. ತಿರುಗಿಯೂ ನೋಡಲಿಲ್ಲ. ಎಷ್ಟು ಜಂಬ ಅಂದುಕೊಂಡೆ.

"ಇವತ್ತು ನಾನು ಇವಳ ಜೋಡಿ ಆಗ್ತೀನಿ ಕಣೇ, ಹೊಸಬಳು," ಅಂದಳು ನರ್ಸಮ್ಮ. "ನೀನು ಲೈನ್‌ಮನ್ ಗಂಡಹೆಂಡ್ತಿ ಜೊತೆ ಬಾ."

ಕಂಡಕ್ಟರಿಗೆ ಲೆಕ್ಕದ ಚಿಂತೆ. ಗಡ್ಡ ಕೆರೆದುಕೊಂಡು, "ಹಂಗಾದ್ರೆ ದರ್ಜಿಯಕ್ಕ, ಎಲ್ಲರೂ ಜೋಡಿ ಅಂದಮೇಲೆ ನೀವು ಒಂಟಿ ಅಂತ ಕೂಗಿಬಿಡಿ. ಆರು ಜೋಡಿ, ಒಂದು ಒಂಟಿ. ಲೆಕ್ಕ ಸರಿಹೋಗುತ್ತೆ," ಅಂದರು.

ಒಳ್ಳೆಯ ಮನುಷ್ಯ, ಕೇಡು ಬಯಸಿ ಅಂದದ್ದಲ್ಲ. ಆದರೆ ಗಂಡ ಸತ್ತು ಆರು ವರ್ಷವಾದವಳ ಬಾಯಲ್ಲಿ ನಡುರಸ್ತೆಯಲ್ಲಿ ಆ ಮಾತು ಆಡಿಸಿದರು. ಮೊದಲ ನಿಲುಗಡೆಯಲ್ಲಿ "ಒಂಟಿ" ಅಂದೆ. ಲೈನ್‌ಮನ್ ಹೆಂಡತಿ ಕಿಸಕ್ಕೆಂದಳು. ಎರಡನೆಯದರಲ್ಲೂ ಅಂದೆ.

ಗುಡ್ಡವೆಲ್ಲ ಚಿಗುರಿತ್ತು. ಎಲೆಗಳು ಎಷ್ಟು ಎಳೆಯವೆಂದರೆ ಆಚೆಗಿನ ಬಿಸಿಲೂ ಕಾಣುತ್ತಿತ್ತು. ಉಳಿದವರೆಲ್ಲ ಅದನ್ನು ನೋಡುತ್ತಿದ್ದರು. ನಾನು ಮುಂದಿನ ಎರಡು ಬೆನ್ನು ನೋಡುತ್ತಿದ್ದೆ. ನರ್ಸಮ್ಮ ಹತ್ತು ಹೆಜ್ಜೆಗೊಮ್ಮೆ ಅವಳ ಮುಂದೆ ಹೋಗಿ ಮುಖಕ್ಕೆ ಮುಖ ಕೊಟ್ಟು ಏನೋ ಹೇಳುವಳು, ಇಲ್ಲ ಬಲಗಿವಿಯ ಹತ್ತಿರ ಬಾಯಿ ಇಡುವಳು. ಇಬ್ಬರೂ ನಗುವರು. ನನ್ನ ಹತ್ತಿರ ಆರು ವರ್ಷದಲ್ಲಿ ಒಂದು ಗುಟ್ಟನ್ನೂ ಕಿವಿಯಲ್ಲಿ ಹೇಳಿದವಳಲ್ಲ. ನೆತ್ತಿಯಲ್ಲಿ ಕೂತಾಗ ಕಿತ್ತಳೆಯ ಅರ್ಧವೂ ಅವಳಿಗೇ ಹೋಯಿತು. ನರ್ಸಮ್ಮ ನನಗೆಂದು ಇನ್ನೊಂದು ಹಣ್ಣು ಎಸೆದಳು, ಇಡಿಯದು. ಇಡಿ ಹಣ್ಣು ಯಾರಿಗೆ ಬೇಕಿತ್ತು? ಸುಲಿಯದೆ ಚೀಲಕ್ಕೆ ಹಾಕಿಕೊಂಡೆ.

ಇಳಿಯುವ ದಾರಿ ಹಾವಿನಂತೆ ಸುತ್ತಿ ಸುತ್ತಿ ಹಳ್ಳಕ್ಕೆ ಬರುತ್ತದೆ. ಹಳ್ಳದ ದಂಡೆಯಲ್ಲಿ ಲೈಬ್ರರಿಯವರ ಹಿಮ್ಮಡಿ ಬೊಬ್ಬೆಯೊಡೆದು, ನರ್ಸಮ್ಮ ಮಂಡಿಯೂರಿ ಪಟ್ಟಿ ಸುತ್ತುತ್ತ ಕೂತಳು. ನಾನು ತಲೆಯೆತ್ತಿ ನೋಡಿದೆ. ಮೇಲಿನ ತಿರುವಿನಲ್ಲಿ, ನೇರವಾಗಿ ಅಳೆದರೆ ಒಂದು ಬಸ್ಸಿನುದ್ದ ದೂರದಲ್ಲಿ, ಮಿಲ್ಲಿನವಳು ಬಂಡೆಯ ಮೇಲೆ ಕಾಲಿಟ್ಟು ಬೂಟಿನ ಲೇಸು ಕಟ್ಟುತ್ತಿದ್ದಳು. ಅವಳನ್ನು ಕಂಡವಳು ನಾನೊಬ್ಬಳೇ.

ಕಂಡಕ್ಟರು ಸೀಟಿ ಊದಿದರು. ಅವಳು ಕದಲಲಿಲ್ಲ.

"ಜೋಡಿ, ಜೋಡಿ," ಅಂತ ಕೂಗು ಶುರುವಾಯಿತು. ಐದಾಯಿತು. ನಾನು ಹೋಗಿ ನರ್ಸಮ್ಮನ ಭುಜದ ಮೇಲೆ ಕೈಯಿಟ್ಟೆ. ಯಾವಾಗಲೂ ಇಡುವ ಜಾಗ.

"ಜೋಡಿ," ಅಂದೆ.

"ಅವಳೆಲ್ಲೇ?" ಅಂದಳು ನರ್ಸಮ್ಮ, ಪಟ್ಟಿಯಿಂದ ಕಣ್ಣೆತ್ತದೆ.

"ಮುಂದೆ ಹೋದ್ಲು, ಆ ತುದಿಯಲ್ಲಿರೋ ನಮ್ಮ ಮೇಷ್ಟ್ರ ಹತ್ರ."

"ಆರು ಜೋಡಿ, ರೈಟ್," ಅಂದರು ಕಂಡಕ್ಟರು. ವರ್ಷಗಳ ರೂಢಿ, ಆರು ಕಿವಿಗೆ ಬಿದ್ದಮೇಲೆ ಒಂಟಿಯ ನೆನಪೇ ಅವರಿಗೆ ಬರಲಿಲ್ಲ.

ಹಳ್ಳದಾಚೆ ದಾರಿ ಎರಡಾಗುತ್ತದೆ. ಬಲಕ್ಕೆ ತಿರುಗಿ ಕಾಲು ಗಂಟೆ ನಡೆದೆವು. ನರ್ಸಮ್ಮ ನನ್ನ ಪಕ್ಕದಲ್ಲಿದ್ದಳು. ನಿಜ ಹೇಳುತ್ತೇನೆ, ಆ ಕಾಲು ಗಂಟೆ ನನಗೆ ತುಂಬ ಚೆನ್ನಾಗಿತ್ತು. ನನ್ನ ಕಣ್ಣಿಗೂ ಚಿಗುರು ಕಂಡಿತು. ಆಮೇಲೆ ಮುಂದೆ ನಡೆಯುತ್ತಿದ್ದ ಮೇಷ್ಟ್ರ ಪಕ್ಕ ಮಿಲ್ಲಿನವಳಿಲ್ಲದ್ದು ನರ್ಸಮ್ಮನಿಗೆ ಕಾಣಿಸಿತು.

ಕಂಡಕ್ಟರು ಸೀಟಿ ಊದತೊಡಗಿದರು. ಒಂದರ ಮೇಲೊಂದು, ಮುಖ ಕೆಂಪಾಗುವಷ್ಟು.

"ಊದಬೇಡಿ ಕಂಡಕ್ಟ್ರೇ," ಅಂದಳು ನರ್ಸಮ್ಮ. "ಅವಳಿಗೆ ಕೇಳ್ಸಲ್ಲ. ಮಗ್ಗದ ಸದ್ದಿಗೆ ಕಿವಿ ಹೋಗಿದೆ. ಬಲಗಿವಿಯಲ್ಲಿ ಚೂರೇ ಚೂರು ಉಳಿದಿದೆ. ಹೇಳಿದ್ರೆ ಗುಂಪಿಗೆ ಸೇರಿಸ್ಕೊಳ್ಳಲ್ಲ ಅಂತ ಹೆದರಿದ್ಲು." ನನ್ನ ಕಡೆ ತಿರುಗಿದಳು. "ನಿಂಗಾದ್ರೂ ಹೇಳೋಣ ಅಂತ ನೋಡಿದೆ. ಅವಳ ಸುದ್ದಿ ಎತ್ತಿದ್ರೆ ನೀನು ಮುಖ ತಿರುಗಿಸ್ತಿದ್ದೆ."

ನಾನು ಹಿಂದಕ್ಕೆ ಓಡಿದೆ. ನನ್ನ ಮಂಡಿಗೆ ಓಡುವುದು ಅಂದರೆ ಏನು ಅಂತ ಡಾಕ್ಟರಿಗೆ ಗೊತ್ತು.

ಅವಳು ಹಳ್ಳದ ದಂಡೆಯಲ್ಲಿ, ನಾವು ನಿಂತಿದ್ದ ಕಲ್ಲಿನ ಮೇಲೇ ಕೂತಿದ್ದಳು. ಕೈಗಳು ತೊಡೆಯ ಮೇಲೆ. ನನ್ನನ್ನು ಕಂಡು ಏಳಲಿಲ್ಲ. ನಾನು ಏದುಸಿರು ಬಿಡುತ್ತ ಅವಳ ಬಲಗಿವಿಯ ಹತ್ತಿರ ಬಾಯಿ ತಂದೆ.

"ಕಿವಿಗೆ ಬೇಡ ಅಕ್ಕ, ಎದುರಿಗೆ ಬನ್ನಿ," ಅಂದಳು. ಮಾತು ಜೋರಾಗಿ, ಏರಿಳಿತವಿಲ್ಲದೆ ಬಂತು. "ಮಗ್ಗಗಳ ನಡುವೆ ನಾವು ತುಟಿ ನೋಡೇ ಮಾತಾಡ್ತಿದ್ವಿ. ಆ ಗೋಡೆಯಿಂದ ಈ ಗೋಡೆವರೆಗೂ."

ನಾನು ಮೇಲಿನ ತಿರುವನ್ನು ನೋಡಿದೆ. ಒಂದು ಬಸ್ಸಿನುದ್ದ, ಅಷ್ಟೇ.

"ನೀವು ಜೋಡಿ ಅಂದಿದ್ದು ಕೇಳಿಸ್ಲಿಲ್ಲ. ಕಾಣಿಸ್ತು," ಅಂದಳು. "ಮುಂದೆ ಹೋದ್ಲು ಅಂದಿದ್ದೂ ಕಾಣಿಸ್ತು. ಇಳಿದು ಬರೋ ಅಷ್ಟರಲ್ಲಿ ನೀವ್ಯಾರೂ ಇರ್ಲಿಲ್ಲ. ದಾರಿ ಎರಡಿತ್ತು. ಕಾನೂನಿದೆಯಲ್ಲ, ಕೂತೆ."

ಕೈ ಕೊಟ್ಟೆ. ಹಿಡಿದುಕೊಂಡು ಎದ್ದಳು. ದಾರಿಯುದ್ದಕ್ಕೂ ನಾನು ಮುಖ ಕೆಳಗೆ ಹಾಕಿ ನಡೆದೆ, ನನ್ನ ತುಟಿ ಅವಳಿಗೆ ಕಾಣದ ಹಾಗೆ.

ನಮ್ಮನ್ನು ಕಂಡದ್ದೇ ಗುಂಪಿಗೆ ಜೀವ ಬಂತು. ನರ್ಸಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. "ನೋಡಿ, ಎಲ್ಲರಿಗಿಂತ ಮೊದಲು ಓಡಿದ್ದು ಇವಳೇ. ಕುಂಟು ಮಂಡಿ ಇಟ್ಕೊಂಡು. ನನ್ನ ಜೋಡಿ ಇವಳು," ಅಂದಳು. ಜೇಬಿನಿಂದ ಕಿತ್ತಳೆ ತೆಗೆದು, ಸುಲಿದು, ಅರ್ಧ ನನ್ನ ಅಂಗೈಯಲ್ಲಿಟ್ಟಳು. ಬೆಳಗಿನಿಂದ ನಾನು ಕಾದದ್ದು ಅದಕ್ಕೇ.

ಮಿಲ್ಲಿನವಳು ನನ್ನ ಬಾಯನ್ನೇ ನೋಡುತ್ತಿದ್ದಳು. ಎಲ್ಲರಿಗೂ ಬೆನ್ನು ಮಾಡಿ, ದನಿ ಹೊರಡಿಸದೆ, ಬರೀ ತುಟಿಯಲ್ಲಿ ಅಂದೆ: ತಪ್ಪಾಯ್ತು, ಬೇಕಂತಲೇ ಮಾಡಿದೆ.

"ಗಟ್ಟಿಯಾಗಿ ಹೇಳಿ ಅಕ್ಕ," ಅಂದಳು ಅವಳು, ಗುಡ್ಡಕ್ಕೇ ಕೇಳಿಸುವ ಹಾಗೆ. "ನನಗೆ ತಿಳೀತು. ಇವರಿಗೆಲ್ಲ ಕೇಳಿಸ್ಲಿಲ್ಲ."

ಹನ್ನೆರಡು ಮುಖಗಳು ನನ್ನ ಕಡೆ ತಿರುಗಿದವು. ಕಿತ್ತಳೆಯ ರಸ ಬೆರಳಸಂದಿಯಲ್ಲಿ ಇಳಿಯುತ್ತಿತ್ತು. ಗಟ್ಟಿಯಾಗಿ ಹೇಳಿದೆ. ಕಂಡದ್ದು, ಕೈಯಿಟ್ಟದ್ದು, ಸುಳ್ಳು ಹೇಳಿದ್ದು, ಎಲ್ಲ. ಹೊಟ್ಟೆಕಿಚ್ಚು ಅನ್ನುವ ಮಾತನ್ನೂ ನುಂಗಲಿಲ್ಲ. ನರ್ಸಮ್ಮ ಉಳಿದರ್ಧ ಹಣ್ಣನ್ನು ಸಿಪ್ಪೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿನ ಮೇಲೆ ಕಂಡಕ್ಟರು ಹೊರಡಲು ಸೀಟಿ ಊದಿದರು, ಈ ಸಲ ಮೆಲ್ಲಗೆ. ಜೋಡಿ, ಜೋಡಿ ಅಂತ ಐದು ದನಿ ಕೇಳಿದವು. ನನ್ನ ಭುಜದ ಮೇಲೆ ಒಂದು ಕೈ ಬಿತ್ತು. ಮಗ್ಗದಲ್ಲಿ ದುಡಿದ ಒರಟು ಕೈ.

"ಜೋಡಿ," ಅಂದಳು ಮಿಲ್ಲಿನವಳು, ಜೋರಾಗಿ.

ಕಂಡಕ್ಟರು ಈ ಸಲ ರೈಟ್ ಅನ್ನಲಿಲ್ಲ, ಕಾದರು. ಹಿಂದಿನಿಂದ ನರ್ಸಮ್ಮನ ದನಿ ಬಂತು.

"ಒಂಟಿ."

ಲೆಕ್ಕ ಸರಿಹೋಯಿತು.