ಕಣ್ಣ ಬುಡದ ತೊಗಲು

ಮುಂದಿನ ಸೀಟಿನ ಹೆಂಗಸಿನ ಸೆರಗು ಗಾಳಿಗೆ ಹಾರಿ ಹಾರಿ ಭಾಗ್ಯಳ ಮೊಣಕೈಗೆ ತಾಗುತ್ತದೆ, ಇಳಕಲ್ ಎಂದು ಹೇಳಿ ಮಾರಿದ ಸೂರತ್ತಿನ ಮಾಲು, ದಡಿಯ ಕೆಂಪು ಎರಡೇ ಒಗೆತಕ್ಕೆ ಬಿಟ್ಟುಕೊಂಡು ಒಡಲಿಗೆಲ್ಲ ಹರಿದಿದೆ, ಯಾರು ಮಾರಿದರೋ ಪಾಪ ಈಕೆಗೆ, ಯಾರೋ ಅನ್ನುವುದೇನು ಬಂತು, ಭಾಗ್ಯಳಂಥವಳೇ ಒಬ್ಬಳು ಗಾದಿಯ ಮೇಲೆ ಕೂತು, ಮಡಿಕೆ ಬಿಚ್ಚಿ, ತನ್ನ ಹೆಗಲ ಮೇಲೆ ಹರಡಿಕೊಂಡು, ನೋಡ್ರಿ ಅಕ್ಕಾ, ನಿಮ್ಮ ಬಣ್ಣಕ್ಕ ಹೇಳಿ ನೇಯಿಸಿದಂಗ ಅದ, ಎಂದು ನಗುತ್ತ ಮಾರಿರಬೇಕು — ನಗುವಾಗ ಆಕೆಯ ಕಣ್ಣು ನಗುತ್ತಿದ್ದವೋ ಇಲ್ಲವೋ. ಯಾದಗಿರಿ ಹಿಂದೆ ಸರಿಯಿತು, ಬಸ್ಸು ಭೀಮಾ ಸೇತುವೆ ಏರಿತು, ಕೆಳಗೆ ನೀರಿಗಿಂತ ಬಂಡೆಯೇ ಹೆಚ್ಚು, ಬಂಡೆಯ ಮೇಲಿನ ಬಿಸಿಲು ಎದ್ದು ಬಂದು ನೇರ ಕಣ್ಣಿಗೆ ಬಡಿಯಿತು, ಕಣ್ಣು ನೀರಾಡಿತು, ಪಕ್ಕದ ಮುದುಕಿ ತಿರುಗಿ ನೋಡಿದಳು, ಯಾಕವಾ, ಯಾರರ ತೀರಿಕೊಂಡಾರೇನು? ಇಲ್ಲ ಯವ್ವಾ, ಯಾರೂ ತೀರಿಕೊಂಡಿಲ್ಲ, ನನ್ನ ಕಣ್ಣ ಹಿಂಗ ಅದಾವ. ಹಿಂಗಂದ್ರ? ಹಿಂಗಂದ್ರ ಹಿಂಗ. ಮುದುಕಿ ನಂಬಲಿಲ್ಲ, ಸೊಂಟದ ಸಂಚಿ ಬಿಚ್ಚಿ ಒಂದು ಹೋಳು ಅಡಿಕೆ ಅವಳ ಅಂಗೈಗೆ ಒತ್ತಿದಳು, ಸತ್ತವರ ಮನೆಯವರಿಗೆ ಕೊಡುವ ಹಾಗೆ. ಭಾಗ್ಯ ಅದನ್ನು ಹಿಡಿದು ಕೂತಳು. ನಲವತ್ತೆರಡು ವರ್ಷದ ಹೆಂಗಸು, ರಂಗಂಪೇಟೆಯಿಂದ ಶಹಾಪುರದ ಸೀರೆ ಅಂಗಡಿಗೆ ದಿನಾ ಬಸ್ಸಿನಲ್ಲಿ ಹೋಗಿ ಗಾದಿಯ ಮೇಲೆ ಕೂತು ಮಾರುವವಳು, ಕಣ್ಣ ಕೆಳಗೆ ಈ ಜೋಳಿಗೆಯಂಥ ಎರಡು ಚೀಲ ಹೊತ್ತುಕೊಂಡು ತಿರುಗುತ್ತಾಳೆ, ಕಂಡವರೆಲ್ಲ ಅದರಲ್ಲಿ ತಮಗೆ ತಿಳಿದ ದುಃಖ ಹಾಕಿ ಹೋಗುತ್ತಾರೆ. ಗಂಡ ಬಸವಂತ್ರಾಯ ಹತ್ತಿ ಮಿಲ್ಲಿನ ಗೇಟು ಕಾಯುವವನು, ಅವನದು ಬೇರೆ ಗೋಳು, ಓಣಿ ಮಂದಿ ನನ್ನ ಬೈತಾರ ಮಾರಾಯ್ತಿ, ದಿನಾ ಹೊಡೀತಾನ ಅಂತ, ಹೊಡೀಲಾರ್ದ ಹೆಸರು ಬಂದದ ನೋಡು, ಇನ್ನ ಹೊಡದ್ರ ಏನು ಬರ್ತದೋ.

ಬೆಳಿಗ್ಗೆ ಬರುವಾಗ ಇದೇ ಸೇತುವೆಯ ಮೇಲೆ ಎಷ್ಟು ಆಸೆಯಿತ್ತು, ಡಾಕ್ಟರು ಏನಾದರೊಂದು ಮಾಡುತ್ತಾರೆ, ಸೋಮವಾರದೊಳಗೆ ಆಗದಿದ್ದರೂ ಆಗುತ್ತದೆ ಎಂದಾದರೂ ಹೇಳುತ್ತಾರೆ, ಅಷ್ಟು ಸಾಕು, ಗಾದಿ ಉಳಿಯುತ್ತದೆ. ಇಪ್ಪತ್ತು ದಿನಗಳ ಹಿಂದೆ ಆ ಬಸ್ತಾ ಬಂದಿರದಿದ್ದರೆ. ಬಸ್ತಾ ಎಂದರೆ ಸೀರೆ ಕೊಂಡು ಹೋಗುವಷ್ಟು ಹಗುರಾದ ಕೆಲಸವೇ, ಎರಡೂ ಮನೆಯವರು ದಿನ ನೋಡಿ ಜೀಪು ತುಂಬಿ ಬಂದು ಮದುವೆಯ ಅಷ್ಟೂ ಬಟ್ಟೆಯನ್ನು ಒಂದೇ ಅಂಗಡಿಯಲ್ಲಿ ಕೂತು ಆರಿಸುವ ದಿನ, ಮೊದಲ ಸೀರೆಗೆ ಅರಿಷಿಣ ಕುಂಕುಮ ಹಚ್ಚುತ್ತಾರೆ, ಆ ಮೊದಲ ಸೀರೆ ಯಾರ ಕೈಯಿಂದ ಬಿಚ್ಚಿತು, ಯಾರ ಹೆಗಲ ಮೇಲೆ ಹರಡಿತು ಎಂಬುದನ್ನು ಮುದುಕಿಯರು ಮೊಮ್ಮಕ್ಕಳ ಕಾಲದವರೆಗೂ ಮರೆಯುವುದಿಲ್ಲ. ಅಂದು ಹಸಿರು ರೇಷ್ಮೆ ಭಾಗ್ಯಳ ಹೆಗಲ ಮೇಲಿತ್ತು. ವರನ ಅಜ್ಜಿ ಕುಂಕುಮದ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿದಳು, ಏ ಸಾವುಕಾರ, ಈಕಿ ಯಾಕ ಅಳಾಕತ್ಯಾಳ? ನಮ್ಮ ಬಸ್ತಾ ಬಿಚ್ಚಾಕ ಅಳಾಕಿನ ಕೂಡ್ಸಿಯೇನು? ಅಳಾಕತ್ತಿಲ್ಲ ಯಮ್ಮಾ, ಎಂದಳು ಭಾಗ್ಯ, ನಕ್ಕಳು ಕೂಡ, ನಕ್ಕಾಗ ಚೀಲಗಳು ಇನ್ನಷ್ಟು ಉಬ್ಬಿದವು, ಅಜ್ಜಿ ಎದ್ದೇಬಿಟ್ಟಳು, ಏಳ್ರಿ, ಮುಂದಿನ ಅಂಗಡಿಗಿ ಹೋಗೂಣು. ಬಿಚ್ಚಿದ ಸೀರೆಗಳು ಗಾದಿಯ ತುಂಬ ಬಿದ್ದಿದ್ದವು. ಸಾವುಕಾರ ವಿಶ್ವರಾಧ್ಯ ಎಂದೂ ಮಾತಾಡುವವನಲ್ಲ, ಆಡುವುದು ಹೆಂಡತಿ ಪಾರ್ವತಿಬಾಯಿ, ಜೇನಿನಂಥ ದನಿ, ಭಾಗ್ಯಾ, ನಿನ್ನ ಕೆಲಸಕ್ಕ ಯಾರೂ ಹೆಸರಿಡಂಗಿಲ್ಲ, ಆದ್ರ ಆ ಚೀಲ ನೋಡು, ಈಗೆಲ್ಲಾ ಆಪರೇಶನ್ ಅದಾವಂತ, ಸರಿ ಮಾಡಿಸ್ಕೊಂಡು ಬಾ, ಆಗಂಗಿಲ್ಲಂದ್ರ ಮ್ಯಾಲ ಗೋದಾಮಿನ್ಯಾಗ ಮಡಿಚಾಕ ಕೂಡು, ಮುಂದಿನ ತಿಂಗಳ ಮೊದಲನೇ ಸೋಮವಾರದಿಂದ ಆ ಹೊಸ ಹುಡುಗಿ ಶಿವರಂಜನಿ ಗಾದಿಗಿ ಬರ್ತಾಳ. ಮೇಲೆ ಎಂದರೆ ತಗಡಿನ ಕೆಳಗೆ, ಕಿಟಕಿಯಿಲ್ಲದ ಕೋಣೆ, ಬಟ್ಟೆಯ ದೂಳು ಮೂಗಿಗೆ ಅಂಟುವ ಜಾಗ, ಅಲ್ಲಿಗೆ ಹತ್ತಿದ ಹೆಂಗಸರು ಕೆಲಸ ಬಿಟ್ಟು ಮನೆಗೆ ಹೋಗುವಾಗಷ್ಟೇ ಇಳಿದಿದ್ದಾರೆ.

ಅಡಿಕೆ ಬೆವರಿಗೆ ಒದ್ದೆಯಾಗಿದೆ. ಡಾಕ್ಟರನ ಕೈಗವಸಿನ ವಾಸನೆ ಇನ್ನೂ ಕೆನ್ನೆಯ ಮೇಲಿದೆ. ತಿಂಗಳಿಗೊಮ್ಮೆ ಹೈದರಾಬಾದಿನಿಂದ ಯಾದಗಿರಿಗೆ ರೈಲಿನಲ್ಲಿ ಬರುವ ಡಾಕ್ಟರು, ಅರ್ಧ ತೆಲುಗು ಅರ್ಧ ಹಿಂದಿ, ಅದನ್ನು ಕನ್ನಡ ಮಾಡಿ ಕೊಡಲು ನರ್ಸ್ ಅರ್ಜುಮಂದ, ಬಾಯಿ ಎಂದರೆ ಬಾಯಿ ಆಕೆಯದು, ನೋಡಕ್ಕಾ, ಮೂರು ರಸ್ತಾ ಅದಾವ, ಒಂದನೇದು ಸೂಜಿ, ಚೀಲದ ಬುಡಕ ತಗ್ಗು ಬಿದ್ದದಲ್ಲ, ಅದರಾಗ ಔಷಧ ತುಂಬ್ತಾರ, ತಗ್ಗು ಉಬ್ಬು ಒಂದ ಆಗಿ ಕಾಣ್ತದ, ವರ್ಷದಾಗ ಕರಗ್ತದ, ಮತ್ತ ಬರ್ಬೇಕು, ಎರಡನೇದು ಲೇಸರ್, ಮ್ಯಾಲಿನ ತೊಗಲು ಸುಡ್ತಾರ, ಮಾಯುವಾಗ ಬಿಗೀತದ, ನಮ್ಮಂಥ ಬಣ್ಣದವ್ರಿಗಿ ಕರೀ ಕಲಿ ಉಳದ್ರೂ ಉಳೀತದ, ಮೂರನೇದು ಕತ್ತರಿ, ರೆಪ್ಪಿ ಕೂದಲ ಬುಡಕ ಕೊಯ್ದು, ಹೆಚ್ಚಿನ ತೊಗಲು ತಗದು, ಒಳಗಿನ ಕೊಬ್ಬು ಸರಿ ಮಾಡಿ ಹೊಲೀತಾರ, ಹೊಲಗಿ ಎಲ್ಲದ ಅಂತ ನಿನಗೂ ಸಿಗಂಗಿಲ್ಲ. ಸಡಿಲಾದ ಕುಪ್ಪಸಕ್ಕೆ ಟಕ್ಕು ಹಿಡಿದ ಹಾಗೆ, ಅಷ್ಟೇ ತಾನೇ, ಭಾಗ್ಯಳಿಗೆ ಹಗುರೆನಿಸಿತು, ಮೂರನೇದ ಮಾಡ್ರಿ ಎಂದಳು. ಸೀರೆ ಆರಿಸಿದಷ್ಟು ಬೇಗ ಆರಿಸಿದಳು! ಆಗ ಡಾಕ್ಟರು ಹೆಬ್ಬೆರಳಿನಿಂದ ಅವಳ ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಬಿಟ್ಟರು. ಬಿಟ್ಟ ಕೂಡಲೇ ಅದು ಟಪ್ಪನೆ ತನ್ನ ಜಾಗಕ್ಕೆ ಕೂರಬೇಕಂತೆ. ಅದು ಕೂರಲಿಲ್ಲ. ಡಾಕ್ಟರು ಕಾದರು, ಅರ್ಜುಮಂದ ಕಾದಳು, ಭಾಗ್ಯ ಕಾದಳು, ರೆಪ್ಪೆ ದಣಿದ ಎಮ್ಮೆಯ ಹಾಗೆ ನಿಧಾನಕ್ಕೆ ಎದ್ದು ಹೋಯಿತು. ಭೂತಗನ್ನಡಿ ಹಿಡಿದು ನೋಡಿದರು, ಕೆನ್ನೆಯ ಮೇಲಿನ ಕೆಂಪು ಎಳೆಗಳನ್ನು ನೋಡಿದರು, ಮಾರಿಗಿ ಏನ ಹಚ್ತೀಯಂತ ಕೇಳ್ತಾರ. ಏನೂ ಇಲ್ಲ, ಅರಿಷಿಣ. ಅಕ್ಕಾ, ನೀ ಸುಳ್ಳು ಹೇಳಬಹುದು, ನಿನ್ನ ತೊಗಲು ಹೇಳಂಗಿಲ್ಲ, ತಗೀ. ಕುಪ್ಪಸದ ಪರ್ಸಿನಿಂದ ಟ್ಯೂಬು ಹೊರಬಂತು. ಡಾಕ್ಟರು ಅದರ ಬೆನ್ನಿನ ಸಣ್ಣ ಅಕ್ಷರ ಓದಿದರು, ಏನೋ ಅಂದರು, ಅರ್ಜುಮಂದ ಅಂದಳು, ಇದು ಗಜಕರ್ಣಕ್ಕ ಹಚ್ಚೂ ಮುಲಾಮು ಅಕ್ಕಾ, ತೊಡಿ ಸಂದ್ಯಾಗ ಹಚ್ಚೂದು, ಅದೂ ಎರಡು ವಾರ, ನೀ ಮಾರಿಗಿ ಎಷ್ಟ ದಿನ ಹಚ್ಚಿದಿ? ಹನ್ನೊಂದು ವರ್ಷ. ಅರ್ಜುಮಂದ ಅದನ್ನು ಹಿಂದಿಗೆ ದಾಟಿಸುವ ಮೊದಲು ಟ್ಯೂಬನ್ನು ಇನ್ನೊಮ್ಮೆ ತಿರುಗಿಸಿ ನೋಡಿದಳು.

ಹನ್ನೊಂದು ವರ್ಷ, ದಿನಕ್ಕೆರಡು ಸಲ. ತೊಗಲು ಗಾಳಿಪಟದ ತೆಳು ಹಾಳೆಯಾಗಿದೆಯಂತೆ, ಈಗ ಕತ್ತರಿ ಇಟ್ಟರೆ ರೆಪ್ಪೆ ಹೊರಕ್ಕೆ ಮಗುಚಿ ಜೋತು ಬೀಳುತ್ತದಂತೆ, ಮಲಗಿದರೂ ಕಣ್ಣು ಮುಚ್ಚುವುದಿಲ್ಲವಂತೆ, ಲೇಸರ್ ಬ್ಯಾಡ, ಸೂಜಿ ಈಗ ಬ್ಯಾಡ, ಮೊದಲು ಟ್ಯೂಬು ಬಿಡು, ವರ್ಷ ಕಳೀಲಿ. ಬಿಟ್ಟರೆ? ಬಿಟ್ಟರೆ ಮಾರಿ ಕೆಂಪಗಾಗಿ ಉರೀತದ, ಬಾವು ಬರ್ತದ, ಆಮ್ಯಾಲ ಕಪ್ಪಾಗ್ತದ, ತಿಂಗಳಾನುಗಟ್ಟಲೆ, ಬಿಸಲಿಗಿ ಬರಬ್ಯಾಡ, ಮಂದ್ಯಾಗ ಕೂಡಬ್ಯಾಡ. ಹಚ್ಚಿದ್ರ ತೊಗಲು ಹೋಗ್ತದ, ಬಿಟ್ರ ಮಾರಿ ಹೋಗ್ತದ, ನಾ ಯಾವ ಕಡಿ ಹೋಗ್ಲಿ ಅರ್ಜುಮಂದ? ಮನಿಗಿ ಹೋಗಕ್ಕಾ, ಮುಂದಿನ ಪೇಷಂಟ್ ನಿಂತಾರ. ಹೇಳಿದಳು, ಆದರೆ ಬಾಗಿಲವರೆಗೂ ಬಂದಳು, ಯಾರು ಕೊಟ್ರಿದನ್ನ, ಎಂದು ಕಿವಿಯಲ್ಲಿ ಕೇಳಿದಳು. ಯಾರು ಕೊಟ್ಟರು — ಪಾರ್ವತಿಬಾಯಿ ಕೊಟ್ಟಳು, ಮೊದಲ ವಾರವೇ, ಹತ್ತಿ ಹೊಲದಾಗ ಸುಟ್ಟ ಮಾರಿ ತಂದು ರೇಷ್ಮಿ ಮುಂದ ಇಟ್ರ ರೇಷ್ಮಿನೂ ಮಾಸ್ತದ, ತಗೋ, ಇದ ಹಚ್ಚು. ಹದಿನೈದು ದಿನದಲ್ಲಿ ಮುಖ ಸುಲಿದ ಬಾಳೆದಿಂಡಿನ ಹಾಗಾಯಿತು, ರಂಗಂಪೇಟೆಯ ಹೆಂಗಸರೆಲ್ಲ ಕೆನ್ನೆ ಮುಟ್ಟಿ ನೋಡಿದರು, ಭಾಗ್ಯ ಹಿಗ್ಗಿದಳು, ಹೌದು ಹಿಗ್ಗಿದಳು, ಯಾರ ಮೇಲೆ ಹಾಕುತ್ತೀ ಆ ಹಿಗ್ಗನ್ನು. ಈ ಬಿಸಿಲಿನಲ್ಲಿ ಹುಟ್ಟಿ ಈ ಬಿಸಿಲಿನಲ್ಲಿ ಸಾಯುವ ಊರು, ಸೀರೆ ಉಡುವವರ ಮುಖ ಕಪ್ಪು, ಕೊಳ್ಳುವವರ ಮುಖ ಕಪ್ಪು, ಗಲ್ಲಾದ ಮುಂದೆ ಕೂತ ವಿಶ್ವರಾಧ್ಯನ ಮುಖ ಬಾಣಲೆಯ ತಳ, ಅವನಿಗೆ ಯಾರು ಟ್ಯೂಬು ಕೊಟ್ಟರು, ಮಾರುವ ಹೆಂಗಸೊಬ್ಬಳೇ ಮುಖ ಸುಲಿದುಕೊಂಡು ಕೂರಬೇಕು, ಸುಲಿದು ಸುಲಿದು ಒಳಗಿನದು ಜೋತು ಬಿದ್ದ ದಿನ, ಛೀ, ಅಳಾಕತ್ಯಾಳ, ಎಬ್ಬಸ್ರಿ. ಅವರೇ ತೊಗಲು ತಿಂದು ಅವರೇ ಹೊಲಿಸಿಕೊಂಡು ಬಾ ಎನ್ನುತ್ತಾರೆ. ಇಂದು ಅಂಗಡಿಗೆ ಹೋಗಿ ಟ್ಯೂಬನ್ನು ಗಾದಿಯ ಮೇಲೆ ಎಸೆಯುತ್ತೇನೆ, ಎಲ್ಲರ ಮುಂದೆ, ಎಂದುಕೊಂಡಳು, ಎಂದುಕೊಳ್ಳುವಾಗಲೇ ಬೆರಳು ನೆನಪಾಯಿತು. ತನ್ನದೇ ಬಲಗೈಯ ಉಂಗುರದ ಬೆರಳು, ಅದರ ತುದಿಯಲ್ಲಿ ಕಡಲೆಕಾಳಿನಷ್ಟು ಬಿಳಿ ಮುಲಾಮು. ಬೇಡ, ಅದು ಬೇಡ, ಕಿಟಕಿಯಾಚೆ ನೋಡು, ದೋರನಹಳ್ಳಿ ಬಂತು, ಹತ್ತಿ ಗಿಡ, ಎಮ್ಮೆ, ಟ್ರ್ಯಾಕ್ಟರು, ಬೆರಳು.

ಎಂಟು ತಿಂಗಳಾಯಿತು. ಓಣಿಯ ಭೀಮಮ್ಮ ಮಗಳ ಕೈಹಿಡಿದು ಬಂದಿದ್ದಳು, ಯಕ್ಕಾ, ಶಿವರಂಜನಿನ ನಿನ್ನ ಉಡ್ಯಾಗ ಹಾಕೀನಿ, ನಿನ್ನಂಗ ಅಂಗಡ್ಯಾಗ ಕೂಡ್ಲಿ, ಕೂಲಿ ಬ್ಯಾಡ ಈಕಿಗಿ. ಹತ್ತೊಂಬತ್ತರ ಹುಡುಗಿ, ಜೋಳದ ರೊಟ್ಟಿಯಂಥ ಗಟ್ಟಿ ಕೆನ್ನೆ, ಎಳ್ಳಿನ ಬಣ್ಣ. ಅಂಗಡಿಗೆ ಸೇರಿದ ಮೊದಲ ದಿನ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡು ಭಾಗ್ಯಳೇ ಕಲಿಸಿದಳು, ಪಾರ್ವತಿಬಾಯಿ ಕೂಡ ಅಲ್ಲ, ಅಂಗೈಲೆ ಒರಸಬ್ಯಾಡ, ಈ ಬೆರಳಿಲೆ, ಕಣ್ಣ ಬುಡಕ ತೊಗಲು ನಾಜೂಕ ಇರ್ತದ, ಮೆಲ್ಲಕ ಒತ್ತು, ಹಿಂಗ. ಹುಡುಗಿ ನಕ್ಕಿದ್ದಳು, ಗುಳುಗುಳು ಆಗ್ತದಕ್ಕಾ.

ಫೋನು ಮಾಡಿದಳು. ಬಸ್ಸಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಕೂಗಿದಳು, ರಂಜನೀ, ಆ ಟ್ಯೂಬು ಇವತ್ತ ಬಿಡು, ಅದು ಗಜಕರ್ಣದ ಮುಲಾಮಂತ, ಡಾಕ್ಟರ್ ಹೇಳ್ಯಾರ, ತೊಗಲು ತಿಂತದಂತ. ಆ ಕಡೆ ಸೀರೆ ಝಾಡಿಸುವ ಸದ್ದು ಕೇಳಿಸಿತು, ಅಕ್ಕಾ, ನೀ ಹಿಂಗ ಹೇಳ್ತಿ ಅಂತ ಪಾರ್ವತಿ ಅವ್ವಾರು ಮುಂಜಾನಿನ ಹೇಳಿದ್ರು. ಏನು ಹೇಳಿದ್ರು? ಗಾದಿ ಹೋಗ್ತದಂದ್ರ ಯಾರಿಗರ ಹೊಟ್ಟಿ ಉರೀತದ, ಏನೇನೋ ಹೇಳ್ತಾಳ, ನೀ ಕಿವಿಗಿ ಹಾಕ್ಕೋಬ್ಯಾಡ ಅಂದ್ರು. ರಂಜನೀ, ನಾ ನಿನಗ ಸುಳ್ಳು ಹೇಳ್ತೀನೇನ? ಹಚ್ಚಾಕ ಕಲಿಸಿದಾಕಿ ನೀನ ಅಲ್ಲೇನಕ್ಕಾ, ಆವಾಗ ಹಚ್ಚು ಅಂದಿ, ನನ್ನ ಪಾಳಿ ಬಂದ ಕೂಡ್ಲೇ ಬಿಡು ಅಂತಿ. ಹುಡುಗಿಯ ದನಿಯಲ್ಲಿ ಕೇಡಿರಲಿಲ್ಲ, ಖರೇ ಕೇಳುತ್ತಿದ್ದಳು, ಉತ್ತರ ಬೇಕಾಗಿತ್ತು ಅವಳಿಗೆ, ಅಷ್ಟರಲ್ಲಿ ಗಿರಾಕಿ ಬಂದಾರಕ್ಕಾ ಎಂದು ಫೋನು ಇಟ್ಟಳು. ಶಹಾಪುರದ ಗುಡ್ಡ ಕಾಣಿಸಿತು, ಅಂಗಾತ ಮಲಗಿದ ಮನುಷ್ಯನ ಹಾಗೆ, ಹಣೆ, ಮೂಗು, ಗದ್ದ, ದೂರದಿಂದ ಬಂದವರು ನಿಂತು ಫೋಟೋ ಹಿಡಿಯುತ್ತಾರೆ, ಎಷ್ಟು ನಿಶ್ಚಿಂತೆಯಿಂದ ಮಲಗಿದೆ ಕಲ್ಲು, ಕಲ್ಲಿಗಾದರೆ ಕಣ್ಣು ಮುಚ್ಚುತ್ತದೆ.

ಸೋಮವಾರದವರೆಗೆ ಅವರು ಕಾಯಲಿಲ್ಲ. ಅಂಗಡಿಯ ಮೆಟ್ಟಿಲು ಹತ್ತಿದಾಗ ಗಾದಿಯ ಮೇಲೆ ಶಿವರಂಜನಿ ಕೂತಿದ್ದಳು, ಸುತ್ತ ಹತ್ತು ಹನ್ನೆರಡು ಮಂದಿ, ತಂಪು ಬಾಟಲಿಗಳು, ಕುಂಕುಮದ ಬಟ್ಟಲು, ಬಸ್ತಾ. ಹುಡುಗಿಯ ಹೆಗಲ ಮೇಲೆ ಕುಸುಂಬಿ ಬಣ್ಣದ ರೇಷ್ಮೆ, ಟ್ಯೂಬ್‌ಲೈಟಿನ ಕೆಳಗೆ ಮುಖ ಹಾಲಿನ ಕೆನೆ, ಕಣ್ಣ ಬುಡದಲ್ಲಿ — ಭಾಗ್ಯ ಕಂಡಳು, ಹನ್ನೊಂದು ವರ್ಷದ ಹಿಂದಿನ ಕನ್ನಡಿಯಲ್ಲಿ ಕಂಡಿದ್ದರೂ ಆಗ ತಿಳಿದಿರಲಿಲ್ಲ — ಕೂದಲೆಳೆಯಂಥ ಒಂದು ಕೆಂಪು ಗೆರೆ. ಪಾರ್ವತಿಬಾಯಿ ಎದ್ದು ಬಂದಳು, ಬಂದ್ಯಾ? ಡಾಕ್ಟರ್ ಏನಂದ? ಭಾಗ್ಯ ಹೇಳಿದಳು. ಎಲ್ಲರ ಮುಂದೆ ಹೇಳಿದಳು, ಟ್ಯೂಬು ಎತ್ತಿ ಹಿಡಿದು ಹೇಳಿದಳು, ಇದು ಮಾರಿಗಿ ಹಚ್ಚೂದಲ್ಲ, ಇವ್ರು ನನ್ನ ತೊಗಲು ತಿಂದಾರ, ಈಗ ಈ ಹುಡುಗೀದು ತಿನ್ನಾಕತ್ಯಾರ, ದನಿ ನಡುಗಲಿಲ್ಲ, ಒಂದು ಹನಿ ಕಣ್ಣಿಂದ ಬೀಳಲಿಲ್ಲ, ಕಣ್ಣು ಒಣಗಿ ಉರಿಯುತ್ತಿದ್ದವು. ವಧುವಿನ ಚಿಕ್ಕಮ್ಮ ಮೆಲ್ಲನೆ ಎದ್ದು ಬಂದು ಅವಳ ಭುಜ ಹಿಡಿದಳು, ಅಯ್ಯ, ಅಳಬ್ಯಾಡವಾ, ಬಸ್ತಾದ ದಿನ ಮನ್ಯಾಗಿನ ಸಂಕಟ ಇಲ್ಲಿ ತರಬಾರದು. ಅಳಾಕತ್ತಿಲ್ಲ, ಎಂದಳು ಭಾಗ್ಯ. ಹೌದವಾ, ಹೌದು, ಕಣ್ಣೊರಸ್ಕೋ. ನಾ ಅಳಾಕತ್ತಿಲ್ಲರೀ! ಪಾಪ, ಎಷ್ಟ ಅತ್ತಾಳ ನೋಡ್ರಿ, ಕಣ್ಣ ಬಾತಾವ. ಯಾರೂ ಟ್ಯೂಬು ನೋಡಲಿಲ್ಲ, ಯಾರೂ ಮಾತು ಕೇಳಲಿಲ್ಲ, ಎಲ್ಲರೂ ಅವಳ ಕಣ್ಣ ಬುಡವನ್ನು ನೋಡುತ್ತಿದ್ದರು, ಅಲ್ಲಿ ತಮಗೆ ಬೇಕಾದ್ದು ಸಿಕ್ಕಿತ್ತು. ವಿಶ್ವರಾಧ್ಯ ಗಲ್ಲಾದಿಂದ ತಲೆ ಎತ್ತದೆ ಮೇಲಕ್ಕೆ ಕೈ ತೋರಿಸಿದ. ಶಿವರಂಜನಿ ಒಂದೇ ಒಂದು ಸಲ ಈ ಕಡೆ ನೋಡಿದಳು, ಕೇಳುವ ಹಾಗೆ ನೋಡಿದಳು, ಆಮೇಲೆ ಗಿರಾಕಿಯ ಕಡೆ ತಿರುಗಿ, ನೋಡ್ರಿ ಅಕ್ಕಾ, ನಿಮ್ಮ ಬಣ್ಣಕ್ಕ.

ಮರದ ಏಣಿ, ಹನ್ನೆರಡು ಮೆಟ್ಟಿಲು, ತಗಡಿನ ಕಾವು ನೆತ್ತಿಗೆ ಇಳಿಯುತ್ತದೆ, ಅರ್ಧಕ್ಕೆ ನಿಂತಿದ್ದಾಳೆ, ಮೇಲೆ ಹೋಗುವುದೂ ಇಲ್ಲ, ಕೆಳಗೆ ಇಳಿಯುವುದೂ ಇಲ್ಲ, ಭೀಮಮ್ಮನಿಗೆ ಹೇಳಬೇಕು, ಭೀಮಮ್ಮ ಏನೆಂದಾಳು, ಉಡ್ಯಾಗ ಹಾಕಿದ್ದೆ ಯಕ್ಕಾ ಎಂದಾಳು, ಬಸವಂತ್ರಾಯನಿಗೆ ಹೇಳಬೇಕು, ಬಿಡು ಮಾರಾಯ್ತಿ ಎಂದಾನು, ನಾಳೆ ಬೆಳಿಗ್ಗೆ ಮುಖ ತೊಳೆದು ಹಚ್ಚಬೇಕೋ ಬಿಡಬೇಕೋ, ಯಾರನ್ನು ಕೇಳಲಿ, ಎಂಟು ತಿಂಗಳ ಹಿಂದಿನ ಆ ಮೊದಲ ದಿನ, ಹಿಂದಿನ ಕೋಣೆ, ಸ್ಟೂಲಿನ ಮೇಲೆ ಹುಡುಗಿ, ಬೆರಳಿನ ತುದಿಯಲ್ಲಿ ಕಡಲೆಕಾಳಿನಷ್ಟು ಬಿಳಿ, ಮೆಲ್ಲಕ, ಹಿಂಗ, ನಾಜೂಕ ಇರ್ತದ ಇಲ್ಲಿ, ಕೆಳಗೆ ಯಾರೋ ನಕ್ಕರು, ಸೀರೆ ಝಾಡಿಸಿದರು, ಬೆರಳು, ಅದರ ಕೆಳಗೆ ಗಟ್ಟಿ ತೊಗಲು, ಬಿಸಿ, ಜೀವಂತ, ಒತ್ತಿದರೆ ಟಪ್ಪನೆ ತಿರುಗಿ ಬರುತ್ತಿತ್ತು, ಆಗ ಅದನ್ನು ಕಂಡಿದ್ದಳು, ಆಹಾ ಎಷ್ಟು ಛಂದ ಎಂದೂ ಅಂದುಕೊಂಡಿದ್ದಳು, ಅಂದುಕೊಂಡೇ ಹಚ್ಚಿದಳು, ಬೆರಳು, ಕಣ್ಣ ಮುಚ್ಚು ರಂಜನಿ, ಎಂದಳು, ರಂಜನಿ ಮುಖ ಎತ್ತಿ ಕಣ್ಣು ಮುಚ್ಚಿದಳು.