ಎರಡೂ ಒಂದೇ ಎಂಬ ಎಳೆ

ಜಕ್ಕೂರಿನ ಹಳೇ ಊರಲ್ಲಿ ಹುಟ್ಟಿ ಬೆಳೆದ ಇಂದು ಎಂಬ ಹುಡುಗಿಗೆ ಹಸು ಕಂಡರೆ ಭಯ ಅಂದರೆ ಯಾರಾದರೂ ನಕ್ಕಾರು. ಅದಕ್ಕೇ ಇಂದು ಡೈರಿಯಲ್ಲಿ ಬರೆದುಕೊಂಡಾಗಲೂ ಅಕ್ಷರ ಸಣ್ಣದು ಮಾಡಿ ಬರೆದಿದ್ದಳು: 'ಅಜ್ಜಿ ಹಾಲು ಕರೆಯುವಾಗ ನಾನು ಕೊಟ್ಟಿಗೆಯ ಹೊಸ್ತಿಲು ದಾಟುವುದಿಲ್ಲ. ಆಫೀಸಿನಲ್ಲಿ ಮಾತ್ರ ಬೆಳಗಿಂದ ಸಂಜೆತನಕ ಹಸುವಿನ ಕಾಯಿಲೆಯದೇ ಕೆಲಸ. ಹೇಳಿಕೊಡುವ ದನದ ಡಾಕ್ಟರಿಗೆ ಗೊತ್ತಾದರೆ ಏನಂದುಕೊಂಡಾರು?'

ಡೈರಿ ಬಿಟ್ಟರೆ ಇದು ಗೊತ್ತಿದ್ದದ್ದು ಸ್ಮಿತಾಕ್ಕನೊಬ್ಬಳಿಗೇ. ಲೈಬ್ರರಿ ಸೈನ್ಸ್ ಓದಿ ಕೆಲಸ ಸಿಗದೆ ಕೂತಿದ್ದವಳನ್ನು ಗಂಗಾನಗರದ ಈ ಆಫೀಸಿಗೆ ಕರೆತಂದವಳು, ಗದಗಿನ ಈ ಸ್ಮಿತಾಕ್ಕನೇ. ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ಕೊಡುತ್ತಿದ್ದಳು. ಮೀಟಿಂಗಿನಲ್ಲಿ ಇಂದುವಿನ ಬಾಯಿ ಒಣಗಿದರೆ ಅವಳ ಮಾತನ್ನು ತಾನೇ ಆಡಿ ಮುಗಿಸುತ್ತಿದ್ದಳು.

ಅವರಿಬ್ಬರೂ ಕಟ್ಟುತ್ತಿದ್ದದ್ದು ಒಂದು ಬಲೆ. ನುರಿತ ಪಶುವೈದ್ಯರ ತಲೆಯೊಳಗಿನದನ್ನು ಸಣ್ಣ ಸಣ್ಣ ಮಾತಾಗಿ ಬಿಡಿಸಿ, ಕಂಪ್ಯೂಟರಿಗೂ ಅರ್ಥವಾಗುವ ಹಾಗೆ ಒಂದಕ್ಕೊಂದು ಎಳೆ ಕಟ್ಟುವ ಕೆಲಸ. ಕೆಚ್ಚಲು ಬಾವು ಒಂದು ಗಂಟು, ಹಾಲಿನಲ್ಲಿ ಗಡ್ಡೆ ಇನ್ನೊಂದು ಗಂಟು, ನಡುವೆ 'ಲಕ್ಷಣ' ಅನ್ನುವ ಎಳೆ. ಯಾವ ಊರಿನ ಹೊಸ ವೈದ್ಯ ಕೇಳಿದರೂ ಬಲೆ ಎಳೆ ಹಿಡಿದು ಹೋಗಿ ಉತ್ತರ ತರಬೇಕು. ಹೇಳಿದ ವೈದ್ಯರು, ಕಟ್ಟಿದವರು, ನೋಡಿದವರು, ಎಲ್ಲರೂ ಅದರಲ್ಲಿ ಒಂದೊಂದು ಗಂಟೇ. ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ನೋಡಿ ಸರಿ ಅನ್ನಬೇಕೆಂಬುದು ಅಲ್ಲಿನ ಕಟ್ಟಳೆ. ಕಟ್ಟಿದವರೇ ಸರಿ ಅಂದುಕೊಂಡ ಎಳೆಯನ್ನು ಬಲೆ ಯಾರಿಗೂ ತೋರಿಸದು. ಇಂದು ಕಟ್ಟುತ್ತಿದ್ದಳು, ಸ್ಮಿತಾ ನೋಡುತ್ತಿದ್ದಳು.

ಹೇಳುತ್ತಿದ್ದವರು ನಿವೃತ್ತ ಪಶುವೈದ್ಯ ಚನ್ನಪ್ಪನವರು. ಧಾರವಾಡದ ಕಡೆಯವರು, ಮಗಳ ಮನೆ ಗಂಗಾನಗರದಲ್ಲೇ ಅಂತ ನಡೆದೇ ಬರುತ್ತಿದ್ದರು.

"ಹಾಲ ಕಡಿಮಿ ಆತು ಅಂದ ಕೂಡ್ಲೆ ಸೂಜಿ ಚುಚ್ಚಬಾರ್ದವಾ. ಮೊದ್ಲ ಕೇಳ್ಬೇಕು, ಹಾಲ ಹಿಂಡಾಕಿ ಬದಲಾಗ್ಯಾಳೇನು ಅಂತ. ಕೈ ಬದಲಾದ್ರ ಆಕಳ ಹಾಲ ಏರಿಸ್ಕೊಂತೈತಿ, ಕೆಳಗ ಬಿಡಂಗಿಲ್ಲ. ಅದು ಬ್ಯಾನಿ ಅಲ್ಲ, ಸಿಟ್ಟು."

ಸಿಟ್ಟಿಗೆ ಯಾವ ಗಂಟು ಹಾಕುವುದು? ರೋಗಗಳ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ. ಇಂದು ತಲೆ ಕೆಡಿಸಿಕೊಂಡು, ಕೊನೆಗೆ 'ರೋಗವಲ್ಲದ ಕಾರಣ' ಅಂತಲೇ ಒಂದು ಹೊಸ ಕವಲು ಮಾಡಿದಳು. ಚನ್ನಪ್ಪನವರು ಅದನ್ನು ನೋಡಿ, "ಭೇಷ್! ನನ್ನ ತಲ್ಯಾಗಿನ ಖೋಲಿ ಹೆಂಗ ಸಿಕ್ತವಾ ನಿನಗ?" ಅಂದಿದ್ದರು. ಆ ಮಾತನ್ನು ಅವಳು ಬೆಲ್ಲದ ತುಂಡಿನ ಹಾಗೆ ಎಷ್ಟೋ ದಿನ ಬಾಯಲ್ಲಿಟ್ಟುಕೊಂಡಿದ್ದಳು.

ಹಾಲು ಸಂಘದವರ ಮುಂದೆ ಬಲೆಯನ್ನು ತೋರಿಸುವ ದಿನ ಬಂತು. ಆಫೀಸಿನ ಮುಖ್ಯಸ್ಥ ಸತೀಶ್, ಮೂಲೆಯ ಕುರ್ಚಿಯಲ್ಲಿ ಚನ್ನಪ್ಪನವರು. ಸ್ಮಿತಾ ಹೊಸ ಇಳಕಲ್ ಸೀರೆ ಉಟ್ಟು ಪರದೆಯ ಪಕ್ಕ ನಿಂತಿದ್ದಳು. ಪರದೆಯ ಮೇಲೆ 'ಎಳೆ ಕಟ್ಟಿದವರು' ಅನ್ನುವ ಕಡೆ ಒಂದೇ ಹೆಸರಿತ್ತು: ಸ್ಮಿತಾ. ಏನೋ ತೊಡಕಾಗಿರಬೇಕು ಅಂದುಕೊಂಡಳು ಇಂದು. ಬೇರೆ ಅನುಮಾನ ಅವಳ ಹತ್ತಿರವೂ ಸುಳಿಯಲಿಲ್ಲ.

ಸಂಘದ ಹಿರಿಯರೊಬ್ಬರು ಕೇಳಿದರು. "ನಮ್ ಕಡೆ ಒಂದು ಹಸು ದಿಢೀರಂತ ಹಾಲು ಕಮ್ಮಿ ಮಾಡ್ಬಿಟ್ಟದೆ. ಬಾವಿಲ್ಲ, ಜ್ವರ ಇಲ್ಲ. ಎಲ್ಲಿ, ಕೇಳಮ್ಮ ನಿನ್ನ ಮಿಷಿನ್ನ."

ಇಂದು ಖುಷಿಯಿಂದ ಕುರ್ಚಿಯ ತುದಿಗೆ ಸರಿದಳು. ಅದೇ ಪ್ರಶ್ನೆ! ಸ್ಮಿತಾ ಒತ್ತಿದಳು. ಪರದೆಯ ಮೇಲೆ 'ಉತ್ತರವಿಲ್ಲ' ಅಂತ ಬಂತು. ಮತ್ತೆ ಒತ್ತಿದಳು. ಬೇರೆ ಕೇಳಿದಳು. ಚನ್ನಪ್ಪನವರು ಹೇಳಿದ್ದೆಲ್ಲ ಗುಡಿಸಿ ಹಾಕಿದಂತೆ ಮಾಯ.

"ಡೇಟಾ ಎಲ್ಲಾ ತುಂಬಿದ್ದು ನಮ್ಮ ಇಂದು, ಸಾರ್," ಅಂದಳು ಸ್ಮಿತಾ ನಗುತ್ತಲೇ. "ನಾನೂ ಇನ್ನೂ ಚೆನ್ನಾಗಿ ನೋಡ್ಬೇಕಿತ್ತು. ಪಾಪ, ಹುಡುಗಿ ಒಂದು ಹಸುನ ಮುಟ್ಟಿ ಕೂಡ ನೋಡಿಲ್ಲ. ಕಂಡ್ರೇ ಓಡ್ತಾಳೆ."

"ಅಯ್ಯೋ, ಕೋಳಿಯಾದ್ರೂ ಪರವಾಗಿಲ್ವೇನಮ್ಮಾ?" ಅಂದರು ಸಂಘದವರು. ಕೋಣೆ ಗೊಳ್ಳೆಂದಿತು. ಚನ್ನಪ್ಪನವರು ನಗಲಿಲ್ಲ. ಇಂದುವಿನ ಕಡೆ ನೋಡಿ, "ನಾ ಹೇಳಿದ್ದು ಎಲ್ಲಿ ಹೋತವಾ?" ಅಂದರು.

ಟೀ ಬಂತು. ಎಲ್ಲರೂ ಬಾಲ್ಕನಿಗೆ ಹೋದಾಗ ಇಂದು ತನ್ನ ಲ್ಯಾಪ್‌ಟಾಪಿನಲ್ಲಿ ತನ್ನದೇ ಹೆಸರಿನ ಗಂಟನ್ನು ಬಿಚ್ಚಿ ನೋಡಿದಳು. ಅದಕ್ಕೆ 'ಎರಡೂ ಒಂದೇ' ಅನ್ನುವ ಎಳೆ ಬಿಗಿದಿತ್ತು. ಒಂದೇ ರೋಗಕ್ಕೆ ಎರಡು ಹೆಸರಿದ್ದಾಗ ಹಾಕುವ ಎಳೆ ಅದು. ಇಲ್ಲಿ ಅದರ ಒಂದು ತುದಿಗೆ ಇಂದು, ಇನ್ನೊಂದು ತುದಿಗೆ ಸ್ಮಿತಾ. ಕಟ್ಟಿದವರು ಸ್ಮಿತಾ, ನಿನ್ನೆ ಸಂಜೆ; ಜನರ ಹೆಸರಿನ ಎಳೆಗೆ ಇನ್ನೊಬ್ಬರು ನೋಡುವ ಕಟ್ಟಳೆ ಇರಲಿಲ್ಲ. ಇಂದು ಕಟ್ಟಿದ್ದೆಲ್ಲ ಸ್ಮಿತಾಳದಾಗಲಿ ಅಂತ ಹಾಕಿದ್ದು. ಬಲೆಗೆ ದಾಕ್ಷಿಣ್ಯವುಂಟೇ? ಕಟ್ಟಿದವಳೂ ನೋಡಿದವಳೂ ಒಬ್ಬಳೇ ಅಂದಮೇಲೆ ಇಷ್ಟನ್ನೂ ಎರಡನೆಯವರು ನೋಡಿಯೇ ಇಲ್ಲ ಅಂತ ತೀರ್ಮಾನಿಸಿ, ಎಲ್ಲವನ್ನೂ ಮುಚ್ಚಿಟ್ಟುಬಿಟ್ಟಿತ್ತು.

ಹೆಗಲ ಮೇಲೆ ಕೈ ಬಿತ್ತು.

"ನೋಡಿದೇನು? ಅದು ಹಿಂಗಾಗ್ತೈತಿ ಅಂತ ನನಗೂ ಹೊಳೀಲಿಲ್ಲ," ಅಂದಳು ಸ್ಮಿತಾ, ದನಿ ತಗ್ಗಿಸಿ. "ಪ್ರಮೋಶನ್ನಿಗೆ ನನ್ನ ಹೆಸರಿನ್ಯಾಗ ಕೆಲಸ ಕಾಣಬೇಕಿತ್ತವಾ. ನಿನಗ ಹೆಸರು ಬ್ಯಾಡ, ಸ್ಟೇಜು ಬ್ಯಾಡ. ಮೂಲ್ಯಾಗ ಕುಂತು ಬರಕೊಂಡಿರಾಕಿ. ಈಗ ಎಲ್ಲಾರೂ ಒಳಗ ಬಂದ ಕೂಡ್ಲೆ, ಕೈತಪ್ಪಿ ನಾನೇ ಏನೋ ಒತ್ತಿದೆ ಅಂತ ಹೇಳಿಬಿಡು. ನಿನಗ ಯಾರೂ ಬೈಯಂಗಿಲ್ಲ."

"ಹಸು ವಿಷಯ ಯಾಕೆ ಹೇಳಿದ್ರಿ, ಅಕ್ಕಾ?"

"ಏ, ನಗಚಾಟಿಕಿ ಅದು. ಅದನ್ನೂ ಮನಸಿಗೆ ಹಚ್ಕೋತಾರೇನ?"

ಎಳೆ ಕಟ್ಟಿದ್ದನ್ನು ಹೇಗೋ ನುಂಗಬಹುದಿತ್ತು. ಇಡೀ ಕೋಣೆಯ ಆ ನಗುವನ್ನು ಮಾತ್ರ ನುಂಗಲಾಗಲಿಲ್ಲ. ರೊಟ್ಟಿ ಮುರಿದು ಕೊಟ್ಟ ಕೈ ಇದೇ ಅಲ್ಲವೇ ಅಂತ, ಇಂದು ತನ್ನ ಹೆಗಲ ಮೇಲಿದ್ದ ಬೆರಳುಗಳನ್ನೇ ನೋಡಿದಳು.

ಎಲ್ಲರೂ ಒಳಗೆ ಬಂದು ಕೂತರು. ಸತೀಶ್ ಗಡಿಬಿಡಿಯಲ್ಲಿದ್ದರು. "ಯಾರೂ ಚೆಕ್ ಮಾಡಿಲ್ಲ ಅಂತ ತೋರಿಸ್ತಿದೆ. ಹಂಗಿದ್ರೆ ಡಾಕ್ಟರ ಭಾಗ ಪೂರ್ತಿ ತೆಗೆದುಬಿಡೋಣ. ಬೇರೆ ಯಾರಿಂದಾದ್ರೂ ಹೊಸದಾಗಿ ಬರೆಸೋಣ. ಏನಂತೀರಾ, ಸ್ಮಿತಾ?"

"ಅದೇ ಒಳ್ಳೇದು, ಸಾರ್. ಇಂದು ಕೈತಪ್ಪಿ ಏನೋ ಮಾಡಿದ್ದಾಳಂತೆ. ಹೇಳು, ಇಂದು."

ಚನ್ನಪ್ಪನವರು ಊರುಗೋಲು ಹಿಡಿದು ಎದ್ದರು. ಮುಖ ಸಣ್ಣದಾಗಿತ್ತು. "ತಗೀರಿ, ತಗೀರಿ. ಮುದುಕನ ಮಾತು, ಹೋಗ್ಲಿ ಬಿಡ್ರಿ," ಅಂತ ಬಾಗಿಲ ಕಡೆ ಹೆಜ್ಜೆ ಹಾಕಿದರು.

ಇಂದು ಎದ್ದು ನಿಂತಳು. ಕುರ್ಚಿ ಕಿರ್ರೆಂದು ಎಲ್ಲರೂ ತಿರುಗಿ ನೋಡಿದರು. ಸ್ಮಿತಾ ಎಂದಿನಂತೆ ಅವಳ ಮಾತನ್ನು ತಾನೇ ಮುಗಿಸಲು ಬಾಯಿ ತೆರೆದಳು.

"ಡಾಕ್ಟ್ರೇ, ಹೋಗ್ಬೇಡಿ," ಅಂದಳು ಇಂದು. ಆಮೇಲೆ ಸತೀಶರ ಕಡೆ ತಿರುಗಿ, ಇಡೀ ಕೋಣೆಗೆ ಕೇಳುವಂತೆ ಹೇಳಿದಳು:

"ನಾನೂ ಸ್ಮಿತಾ ಅವರೂ ಒಬ್ಬರೇ ಅಲ್ಲ, ಸಾರ್."